ಗಾಜಿನ ಪೆಟ್ಟಿಗೆಗೆ ಊರಿನ ಟೋಪಿ: ಸಾರ್ವಜನಿಕ ಕಟ್ಟಡ ನಿಜವಾಗಿ ಆ ನೆಲದ್ದು ಅಂತ ಹೇಗೆ ಗುರುತಿಸುವುದು?

ಮೂರುಗಂಟೆಬಿಸಿಲು

ನಾನು ಕೆಲಸ ಮಾಡುವುದು ಒಂದು ದೊಡ್ಡ ಸಾರ್ವಜನಿಕ ಕಟ್ಟಡದಲ್ಲಿ. ಹೆಸರು ಬೇಡ. ಉದ್ಘಾಟನೆಯ ದಿನ ಹಂಚಿದ ಪುಸ್ತಿಕೆಯಲ್ಲಿ ‘ಈ ನೆಲದ ಪರಂಪರೆಯಿಂದ ಸ್ಫೂರ್ತಿ ಪಡೆದ ವಿನ್ಯಾಸ’ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಆ ಸ್ಫೂರ್ತಿ ಎಲ್ಲಿದೆ ಅಂತ ಹುಡುಕಿದೆ. ಪಶ್ಚಿಮದ ಗಾಜಿನ ಗೋಡೆಯ ಮೇಲೆ ಜಾಲಂಧ್ರದ, ಅಂದರೆ ಜಾಲರಿ ಕಿಟಕಿಯ ಚಿತ್ತಾರ ಇದೆ. ಕೆತ್ತಿದ್ದಲ್ಲ, ಸ್ಟಿಕ್ಕರ್.

ಮಧ್ಯಾಹ್ನ ಮೂರಕ್ಕೆ ಬಿಸಿಲು ಮೊದಲ ಸಾಲಿನ ಮೇಜಿಗೆ ಬರುತ್ತದೆ. ಮೂರೂವರೆಗೆ ಎರಡನೇ ಸಾಲು. ನಾಲ್ಕಕ್ಕೆ ನನ್ನ ಸರದಿ. ಕಂಪ್ಯೂಟರ್ ಪರದೆ ಕಾಣುವುದಿಲ್ಲ ಅಂತ ಪ್ರಿಂಟರ್ ಬಂದ ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ ಗಾಜಿಗೆ ಟೇಪ್ ಹಾಕಿ ಅಂಟಿಸಿದ್ದೇವೆ. ರಟ್ಟಿನ ಮೇಲೆ ‘ಈ ಬದಿ ಮೇಲಿರಲಿ’ ಅನ್ನುವ ಬಾಣ ಇದೆ, ಅದು ನೆಲ ತೋರಿಸುತ್ತಿದೆ. ಈ ಬಿಸಿಲಿಗೆ ಹೆದರಿ ಏಸಿಯನ್ನು ಜೋರು ಮಾಡಿದ್ದಾರೆ. ಹಾಗಾಗಿ ಹಿಂದಿನ ಸಾಲಿನವರು ಸ್ವೆಟರ್ ಹಾಕಿಕೊಂಡು ಕೂರುತ್ತಾರೆ. ಒಂದೇ ಕೋಣೆಯಲ್ಲಿ ಎರಡು ಋತು.

ನನ್ನ ಪ್ರಶ್ನೆ ಇಷ್ಟೆ. ಜಗತ್ತಿನಲ್ಲಿ ಹೆಸರಾದ ಸಾರ್ವಜನಿಕ ಕಟ್ಟಡಗಳಲ್ಲಿ ಯಾವುವು ನಿಜವಾಗಿ ತಮ್ಮ ಜಾಗದ ಬಿಸಿಲು, ಮಳೆ, ಜನರಿಗೆ ಹೊಂದಿಕೊಂಡಿವೆ? ಯಾವುವು ಸುಮ್ನೆ ವೇಷ ಹಾಕಿವೆ?

ಗೆರೆಎಳೆಯುವವಳು

ನಿಮ್ಮ ಸ್ಟಿಕ್ಕರ್ ಜಾಲಂಧ್ರ ಓದಿ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ನಾನು ವಾಸ್ತುವಿನ್ಯಾಸ ಮಾಡುವವಳು. ನಮ್ಮಲ್ಲಿ ಇದಕ್ಕೆ ‘ಟೋಪಿ ಹಾಕುವುದು’ ಅಂತಲೇ ಹೇಳುತ್ತೇವೆ. ಎರಡೂ ಅರ್ಥದಲ್ಲಿ.

ಇಂಡೋನೇಷ್ಯಾದ ಪಶ್ಚಿಮ ಸುಮಾತ್ರಾದಲ್ಲಿ ಮಿನಾಂಗ್‌ಕಬಾವ್ ಜನರ ಹಳೆಯ ಮನೆಗಳಿವೆ. ಚಾವಣಿ ಎಮ್ಮೆಯ ಕೊಂಬಿನ ಹಾಗೆ ಎರಡೂ ಬದಿ ಮೇಲಕ್ಕೆ ಏಳುತ್ತದೆ. ಮರದ ಮನೆ, ಕಂಬದ ಮೇಲೆ ನಿಂತಿರುತ್ತದೆ. ಕಡಿದಾದ ಇಳಿಜಾರಿನಿಂದ ಮಳೆ ಜಾರಿ ಹೋಗುತ್ತದೆ, ಬಿಸಿ ಗಾಳಿಗೆ ಮೇಲೆ ಏರಲು ಎತ್ತರ ಸಿಗುತ್ತದೆ, ಕೆಳಗೆ ಗಾಳಿ ಆಡುತ್ತದೆ. ಈಗ ಪಾಡಾಂಗ್ ನಗರದಲ್ಲಿ ಸರ್ಕಾರಿ ಕಚೇರಿಗಳನ್ನು ನೋಡಿ. ಕೆಳಗೆ ಮಾಮೂಲಿ ಕಾಂಕ್ರೀಟ್ ಡಬ್ಬಿ, ಮೇಲೆ ಅದೇ ಕೊಂಬು. ಕೊಂಬು ಉಳಿಯಿತು, ಅದು ಮಾಡುತ್ತಿದ್ದ ಕೆಲಸ ಹೋಯಿತು.

ಇದು ಹೊಸ ರೋಗವೂ ಅಲ್ಲ. 1930ರ ದಶಕದ ಜಪಾನಿನಲ್ಲಿ ಕಾಂಕ್ರೀಟ್ ಕಟ್ಟಡಕ್ಕೆ ದೇಗುಲದ ಚಾವಣಿ ಕೂರಿಸುವ ಶೈಲಿಯೇ ಇತ್ತು. 1950ರ ದಶಕದಲ್ಲಿ ಬೀಜಿಂಗ್‌ನಲ್ಲಿ ‘ದೊಡ್ಡ ಚಾವಣಿ’ಯ ಕಟ್ಟಡಗಳು ಬಂದವು. 1955ರ ಹೊತ್ತಿಗೆ ಅವು ದುಂದುವೆಚ್ಚ ಅಂತ ಸರ್ಕಾರವೇ ಬೈಯತೊಡಗಿತು.

ಇದಕ್ಕೆ ಎದುರಾಗಿ ರಿಯೋ ಡಿ ಜನೈರೊದ ಹಳೆಯ ಶಿಕ್ಷಣ ಸಚಿವಾಲಯ ನೋಡಿ. 1936ರಲ್ಲಿ ಲೂಸಿಯೊ ಕೋಸ್ಟಾ ಅವರ ತಂಡ ವಿನ್ಯಾಸ ಶುರು ಮಾಡಿತು. ಯುವಕ ಆಸ್ಕರ್ ನೀಮೆಯರ್ ಆ ತಂಡದಲ್ಲಿದ್ದರು. ಯುರೋಪಿನ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಸಲಹೆಗಾರರಾಗಿ ಬಂದು ಹೋದರು. ನೋಡಲು ಪೂರ್ತಿ ಆಧುನಿಕ ಕಟ್ಟಡ, ಟೋಪಿ ಇಲ್ಲ. ಆದರೆ ಉತ್ತರದ ಮುಖಕ್ಕೆ ಅಡ್ಡಡ್ಡ ಹಲಗೆಗಳ ಬಿಸಿಲುತಡೆ ಇದೆ. ಬಿಸಿಲು ಹೇಗಿದೆಯೋ ಹಾಗೆ ಒಳಗಿನಿಂದ ತಿರುಗಿಸಿಕೊಳ್ಳಬಹುದು. ದಕ್ಷಿಣದ ಮುಖ ಪೂರ್ತಿ ಗಾಜು. ನೆಲಮಟ್ಟದಲ್ಲಿ ಎತ್ತರದ ಕಂಬಗಳ ನಡುವೆ ಜನ ನೆರಳಲ್ಲೇ ಆಚೆಯಿಂದ ಈಚೆ ದಾಟುತ್ತಾರೆ.

ಸುಮ್ನೆಬಂದವ

ಉತ್ತರಕ್ಕೆ ಬಿಸಿಲುತಡೆ, ದಕ್ಷಿಣಕ್ಕೆ ಬರೀ ಗಾಜಾ? ತಿರುಗಾ ಮುರುಗಾ ಬರೆದಿದ್ದೀರಾ?

ಗೆರೆಎಳೆಯುವವಳು

ಇಲ್ಲ, ಸರಿಯಾಗಿಯೇ ಬರೆದಿದ್ದೇನೆ. ರಿಯೋ ಇರುವುದು ಭೂಮಧ್ಯರೇಖೆಯ ಕೆಳಗೆ. ಅಲ್ಲಿ ವರ್ಷದ ಬಹುಪಾಲು ಸೂರ್ಯ ಉತ್ತರದ ಕಡೆ ವಾಲಿಕೊಂಡೇ ಹೋಗುತ್ತಾನೆ. ಅದೇ ನಕ್ಷೆಯನ್ನು ಹಾಗೇ ಎತ್ತಿ ಮ್ಯಾಡ್ರಿಡ್‌ನಲ್ಲಿ ಇಟ್ಟರೆ ಬಿಸಿಲುತಡೆ ನೆರಳಿನ ಕಡೆಗೂ ಗಾಜು ಬಿಸಿಲಿನ ಕಡೆಗೂ ಬೀಳುತ್ತದೆ. ಒಂದು ಕಟ್ಟಡ ತನ್ನ ಜಾಗದ್ದು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಗೊತ್ತಿಲ್ಲ. ಮನಸ್ಸಿನಲ್ಲೇ ಅದನ್ನು ಎತ್ತಿ ಬೇರೆ ಕಡೆ ಇಟ್ಟು ನೋಡಿ. ಅಲ್ಲಿ ಏನಾದರೂ ಕೆಟ್ಟರೆ, ಇಲ್ಲಿ ಏನೋ ಸರಿ ಇದೆ ಅಂತ ಅರ್ಥ.

ಅಲೆಮಾರಿ

ಎತ್ತಿ ಇಡಲು ಆಗದ ಕಟ್ಟಡ ಅಂದರೆ ನನಗೆ ನೆನಪಾಗುವುದು ಮಾಲಿ ದೇಶದ ಜೆನ್ನೆಯ ದೊಡ್ಡ ಮಸೀದಿ. ಪೂರ್ತಿ ಮಣ್ಣು. ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆ, ಮೇಲೆ ಮಣ್ಣಿನ ಗಾರೆ. ಈಗಿರುವುದು 1907ರಲ್ಲಿ ಕಟ್ಟಿ ಮುಗಿಸಿದ್ದು, ಆ ಜಾಗದಲ್ಲಿ ಮಸೀದಿ ಇದ್ದದ್ದು ಮಾತ್ರ ಶತಮಾನಗಳ ಹಿಂದಿನಿಂದ.

ಫೋಟೋದಲ್ಲಿ ಗೋಡೆಯಿಂದ ಹೊರಗೆ ಚಾಚಿದ ಕಡ್ಡಿಗಳು ಕಾಣುತ್ತವೆ ಅಲ್ವಾ? ಮುಳ್ಳುಹಂದಿಯ ಮುಳ್ಳಿನ ಹಾಗೆ. ಅಲಂಕಾರ ಅಂದುಕೊಳ್ಳುತ್ತೇವೆ. ಅವು ತಾಳೆ ಮರದ ತುಂಡುಗಳು, ಅಲ್ಲಿ ತೊರೋನ್ ಅನ್ನುತ್ತಾರೆ. ಗಾರೆ ಮೆತ್ತುವವರು ಹತ್ತಿ ನಿಲ್ಲಲು ಅದೇ ಏಣಿ, ಅದೇ ಸಾರುವೆ. ಅಂದರೆ ದುರಸ್ತಿಯ ವ್ಯವಸ್ಥೆಯನ್ನು ಕಟ್ಟಡದ ಒಳಗೇ ಸೇರಿಸಿ ಕಟ್ಟಿದ್ದಾರೆ. ಚಾವಣಿಯಲ್ಲಿ ಸಣ್ಣ ತೂತುಗಳಿವೆ, ಅವಕ್ಕೆ ಮಡಕೆಯಂಥ ಮುಚ್ಚಳ. ತೆಗೆದರೆ ಒಳಗಿನ ಬಿಸಿ ಗಾಳಿ ಮೇಲೆ ಹೋಗುತ್ತದೆ.

ಮಳೆ ಬಂದರೆ ಮಣ್ಣು ಕರಗುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ ಹೊಸ ಗಾರೆ ಮೆತ್ತುತ್ತದೆ. ಗಾರೆಯ ಕೆಸರನ್ನು ದಿನಗಟ್ಟಲೆ ಮೊದಲೇ ಗುಂಡಿಯಲ್ಲಿ ಹೊಟ್ಟು ಸೇರಿಸಿ ಕೊಳೆಹಾಕುತ್ತಾರೆ. ಅದನ್ನು ಕಲಸುವ ಕೆಲಸ ಮಕ್ಕಳದ್ದು, ಅಂದರೆ ಕೆಸರಲ್ಲಿ ಬಿದ್ದು ಹೊರಳುವುದು. ಹೆಂಗಸರು ನೀರು ಹೊರುತ್ತಾರೆ. ಹುಡುಗರು ಬುಟ್ಟಿಯಲ್ಲಿ ಕೆಸರು ಹೊತ್ತು ಓಡುತ್ತಾರೆ. ಮೇಸ್ತ್ರಿಗಳು ತೊರೋನ್ ಮೇಲೆ ನಿಂತು ಬರಿಗೈಯಲ್ಲಿ ಮೆತ್ತುತ್ತಾರೆ. ಹತ್ತಿರದಿಂದ ನೋಡಿದರೆ ಗೋಡೆ ನುಣುಪಾಗಿಲ್ಲ. ಅಂಗೈ ಎಳೆದ ಗುರುತು, ಬೆರಳಿನ ಗುರುತು ಹಾಗೇ ಒಣಗಿ ನಿಂತಿರುತ್ತದೆ.

ಇಂಥದ್ದೇ ಇನ್ನೊಂದು ಅಭ್ಯಾಸ ಜಪಾನಿನ ಇಸೆ ದೇಗುಲದ್ದು. ಮರ, ಹುಲ್ಲಿನ ಚಾವಣಿ, ತೇವದ ಹವೆ. ಕೊಳೆಯುವುದು ಖಂಡಿತ. ಅದಕ್ಕೆ 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿಯೇ ಕಟ್ಟುತ್ತಾರೆ. ಕೊನೆಯ ಸಲ ಆಗಿದ್ದು 2013ರಲ್ಲಿ.

ಸಿಮೆಂಟುಮರಳು

ಓದಲು ಚೆನ್ನಾಗಿದೆ ಸ್ವಾಮಿ. ಆದರೆ ನಾನು ಸಿವಿಲ್ ಇಂಜಿನಿಯರ್, ಸ್ವಲ್ಪ ತಣ್ಣೀರು ಎರಚುತ್ತೇನೆ.

ಜೆನ್ನೆಯಲ್ಲಿ ವರ್ಷ ವರ್ಷ ಮೆತ್ತಿದ ಗಾರೆ ಪದರ ಪದರವಾಗಿ ದಪ್ಪವಾಗುತ್ತಾ ಹೋಯಿತು. ಅದರ ಭಾರವನ್ನೂ ಗೋಡೆಯೇ ಹೊರಬೇಕು. ದುರಸ್ತಿಗೆ ಕೈ ಹಾಕಿದವರು ಹಳೆಯ ಪದರಗಳನ್ನು ಕೆತ್ತಿ ತೆಗೆಯಬೇಕಾಯಿತು. 2009ರ ನವೆಂಬರ್‌ನಲ್ಲಿ ಜೋರು ಮಳೆ ಬಂದು ಒಂದು ಗೋಪುರದ ಮೇಲ್ಭಾಗ ಕುಸಿದೇ ಹೋಯಿತು. ಹಬ್ಬ ಮಾಡಿದರೆ ಸಾಲದು, ಲೆಕ್ಕವೂ ಬೇಕು.

ಎರಡನೆಯದು, ‘ಸ್ಥಳೀಯ ಸಂಸ್ಕೃತಿ’ ಅಂತ ನಿರ್ಧರಿಸುವವರು ಯಾರು? ಈಜಿಪ್ಟ್‌ನಲ್ಲಿ ವಾಸ್ತುಶಿಲ್ಪಿ ಹಸನ್ ಫತ್ಹಿ 1940ರ ದಶಕದಲ್ಲಿ, ಹಳೆಯ ಗೂರ್ನಾದ ಜನರನ್ನು ಸ್ಥಳಾಂತರಿಸಲು, ಲಕ್ಸರ್ ಹತ್ತಿರ ಹೊಸ ಗೂರ್ನಾ ಅಂತ ಹಳ್ಳಿ ಕಟ್ಟಿದರು. ಮಸೀದಿ, ಮಾರುಕಟ್ಟೆ, ರಂಗಮಂದಿರ, ಎಲ್ಲ ಮಣ್ಣಿನ ಇಟ್ಟಿಗೆಯಲ್ಲಿ. ಗುಮ್ಮಟ, ಕಮಾನು, ಗಾಳಿ ಬರುವ ಅಂಗಳ. ತಾಪದ ಲೆಕ್ಕದಲ್ಲಿ ಹೆಚ್ಚು ಕಡಿಮೆ ತಪ್ಪಿಲ್ಲ. ಆದರೆ ಹೆಚ್ಚಿನ ಜನ ಹೋಗಲಿಲ್ಲ. ಅವರ ಕಣ್ಣಿಗೆ ಗುಮ್ಮಟ ಅಂದರೆ ಗೋರಿ. ಗೋರಿಯೊಳಗೆ ಯಾರು ಸಂಸಾರ ಮಾಡುತ್ತಾರೆ? ಜೊತೆಗೆ ಹಳೆಯ ಜಾಗ ಬಿಟ್ಟರೆ ಸಂಪಾದನೆಯೂ ಹೋಗುತ್ತಿತ್ತು, ಅದು ಬೇರೆ ಮಾತು.

ಮೂರನೆಯದು ಚಂಡೀಗಢ. 1950ರ ದಶಕದಲ್ಲಿ ಲ ಕಾರ್ಬೂಸಿಯೆ ಮಾಡಿದ ಹೈಕೋರ್ಟ್, ಸಚಿವಾಲಯ. ಬಿಸಿಲುತಡೆ ಬೇಕಾದಷ್ಟಿದೆ. ಆದರೆ ಅದು ದಪ್ಪ ಕಾಂಕ್ರೀಟ್. ಹಗಲೆಲ್ಲ ಬಿಸಿ ಹೀರಿಕೊಂಡು ಸಂಜೆ ನಿಧಾನಕ್ಕೆ ಕೋಣೆಯ ಕಡೆಗೇ ಬಿಡುತ್ತದೆ. ನೆರಳೂ ಕೊಟ್ಟಿತು, ಒಲೆಯೂ ಆಯಿತು. ಹಾಗಾಗಿ ‘ಬಿಸಿಲುತಡೆ ಇದೆ, ಆದ್ದರಿಂದ ಒಳ್ಳೆಯ ಕಟ್ಟಡ’ ಅನ್ನುವುದೂ ಒಂದು ಥರ ಸ್ಟಿಕ್ಕರ್ರೇ.

ಅಲೆಮಾರಿ

ಗೋಪುರ ಕುಸಿದಿದ್ದು ನಿಜ. ಒಪ್ಪಿದೆ. ಆದರೆ ಅದೇ ಮಣ್ಣಿನಿಂದ ಮತ್ತೆ ಕಟ್ಟಿ ನಿಲ್ಲಿಸಿದರು ಅನ್ನುವುದೂ ನಿಜ.

ಗೆರೆಎಳೆಯುವವಳು

ಗೂರ್ನಾದ ಮಾತಿಗೆ ನನ್ನ ಹತ್ತಿರ ವಾದ ಇಲ್ಲ, ಇನ್ನೊಂದು ಉದಾಹರಣೆ ಇದೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ಗಾಂಡೊ ಹಳ್ಳಿಯ ಶಾಲೆ, 2001. ಕಟ್ಟಿದ್ದು ಅದೇ ಹಳ್ಳಿಯ ಹುಡುಗ ಫ್ರಾನ್ಸಿಸ್ ಕೆರೆ, ಆಗಿನ್ನೂ ಬರ್ಲಿನ್‌ನಲ್ಲಿ ಓದುತ್ತಿದ್ದರು. 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು. ಶಾಲೆಯನ್ನು ಮಣ್ಣಿನಲ್ಲಿ ಕಟ್ಟೋಣ ಅಂದಾಗ ಊರವರಿಗೇ ನಂಬಿಕೆ ಇರಲಿಲ್ಲ. ವಿದೇಶದಲ್ಲಿ ಓದಿದವನು ಸಿಮೆಂಟು, ಗಾಜು ತರುತ್ತಾನೆ ಅಂದುಕೊಂಡಿದ್ದರು. ಮಣ್ಣು ಮಳೆಗೆ ನಿಲ್ಲುವುದಿಲ್ಲ ಅನ್ನುವುದು ಅವರ ಅನುಭವ, ಅದು ಸುಳ್ಳೂ ಅಲ್ಲ.

ಕೆರೆ ಮಾಡಿದ್ದು ಹೀಗೆ. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ. ಇಟ್ಟಿಗೆಯದೇ ಒಳಚಾವಣಿ, ನಡುನಡುವೆ ಸಂದು. ಅದರ ಮೇಲೆ ಒಂದಷ್ಟು ಎತ್ತರ ಬಿಟ್ಟು ತಗಡಿನ ಚಾವಣಿ, ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿದ್ದು. ತಗಡು ಕಾಯುತ್ತದೆ, ಆದರೆ ಆ ಕಾವು ತರಗತಿಗೆ ಇಳಿಯುವುದಿಲ್ಲ, ನಡುವೆ ಗಾಳಿ ಹರಿಯುತ್ತಿರುತ್ತದೆ. ಒಳಗಿನ ಬಿಸಿ ಗಾಳಿ ಸಂದಿನಲ್ಲಿ ಮೇಲೇರಿ ಹೊರಟುಹೋಗುತ್ತದೆ. ಚಾಚಿದ ತಗಡು ಮಣ್ಣಿನ ಗೋಡೆಯನ್ನು ಮಳೆಯಿಂದ ಕಾಯುತ್ತದೆ. ತಗಡಿನ ಕೆಳಗಿನ ಚೌಕಟ್ಟು ಮಾಮೂಲಿ ಕಬ್ಬಿಣದ ಸರಳು. ಊರ ಹುಡುಗರೇ ಗರಗಸ ಹಿಡಿಯುವುದು, ಬೆಸುಗೆ ಹಾಕುವುದು ಕಲಿತು ಮಾಡಿದ್ದು.

ಸಿಮೆಂಟುಮರಳು ಅವರ ಪ್ರಶ್ನೆಗೆ, ಅಂದರೆ ‘ಯಾರು ನಿರ್ಧರಿಸುವುದು’ ಅನ್ನುವುದಕ್ಕೆ, ಇಲ್ಲಿ ಉತ್ತರ ಇದೆ ಅನ್ನಿಸುತ್ತದೆ. ಕಟ್ಟಿದವರೇ ನಿರ್ಧರಿಸಿದರು. ಆಮೇಲೆ ಅವರೇ ಶಾಲೆಯನ್ನು ದೊಡ್ಡದು ಮಾಡಿಕೊಂಡರು.

ಸಿಮೆಂಟುಮರಳು

ಇದು ಒಪ್ಪುವ ಮಾತು. ತಗಡು ಚಾವಣಿ ಸಂಪ್ರದಾಯವೂ ಅಲ್ಲ, ಆದರೂ ಕೆಲಸ ಮಾಡುತ್ತದೆ. ನನಗೆ ಅದೇ ಇಷ್ಟ.

ಪುಸ್ತಕದಹುಳು

ಗ್ರಂಥಾಲಯದ ಕಡೆಯಿಂದ ಒಂದು. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದ ಹೊಸ ಕಟ್ಟಡ ಓದುಗರಿಗೆ ತೆರೆದಿದ್ದು 1996ರಲ್ಲಿ. ವಿನ್ಯಾಸ ಡೊಮಿನಿಕ್ ಪೆರೋ. ನಾಲ್ಕು ಮೂಲೆಗೆ ನಾಲ್ಕು ಗಾಜಿನ ಗೋಪುರ, ಒಂದೊಂದೂ ತೆರೆದಿಟ್ಟ ಪುಸ್ತಕದ ಆಕಾರ. ಹೊರಗಿನಿಂದ ನೋಡಿದವರಿಗೆ ತಕ್ಷಣ ಅರ್ಥವಾಗುತ್ತದೆ. ಆಹಾ, ಪುಸ್ತಕ!

ಈಗ ಒಳಗೆ ಬನ್ನಿ. ಪುಸ್ತಕಗಳನ್ನು ಇಡುವುದು ಆ ಗಾಜಿನ ಗೋಪುರಗಳಲ್ಲಿ. ಓದುವ ಮನುಷ್ಯರು ಕೂರುವುದು ಕೆಳಗೆ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ. ಬಿಸಿಲು ಆಗದ ಕಾಗದಕ್ಕೆ ಬಿಸಿಲು, ಬೆಳಕು ಬೇಕಾದ ಕಣ್ಣಿಗೆ ತಗ್ಗು. ಟೀಕೆ ಜೋರಾದ ಮೇಲೆ ಗಾಜಿನ ಹಿಂದೆ ಮರದ ಬಾಗಿಲುಪಟ್ಟಿಗಳನ್ನು ಹಾಕಿ ಬಿಸಿಲು ಮುಚ್ಚಿದರು. ಮೂರುಗಂಟೆಬಿಸಿಲು ಅವರ ರಟ್ಟಿನ ತುಂಡಿಗೆ ದೊಡ್ಡಣ್ಣ ಅದು.

ಇದರ ಪಕ್ಕಕ್ಕೆ ಹೆಲ್ಸಿಂಕಿಯ ಓಡಿ ಗ್ರಂಥಾಲಯ ಇಡುತ್ತೇನೆ. 2018ರ ಡಿಸೆಂಬರ್‌ನಲ್ಲಿ ತೆರೆಯಿತು. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲಾಗುತ್ತದೆ. ಹೊರಗೆ ಬೆಂಚು ಹಾಕಿದರೆ ಕೂರುವವರು ಯಾರು? ಆದ್ದರಿಂದ ಊರಿನ ಜಗಲಿಯನ್ನೇ ಒಳಗೆ ತಂದರು. ಒಂದು ಮಹಡಿಯಲ್ಲಿ ಹೊಲಿಗೆ ಯಂತ್ರ, ಮೂರು ಆಯಾಮದ ಪ್ರಿಂಟರ್, ಹಾಡು ಧ್ವನಿಮುದ್ರಿಸುವ ಕೋಣೆ. ಪುಸ್ತಕ, ಬೆಳಕು ಎಲ್ಲ ಮೇಲಿನ ಮಹಡಿಯಲ್ಲಿ. ಎದುರಿಗೆ ಸಂಸತ್ ಭವನ. ಓಡಿಯ ಬಾಲ್ಕನಿಯೂ ಸಂಸತ್ತಿನ ಮೆಟ್ಟಿಲಿನ ಮೇಲ್ತುದಿಯೂ ಒಂದೇ ಮಟ್ಟದಲ್ಲಿವೆ. ಇದು ಬೇಕೆಂದೇ ಮಾಡಿದ್ದು. ಅಲ್ಲಿ ನಿಂತರೆ ಪ್ರಜೆ, ಪ್ರತಿನಿಧಿ ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿ.

ಸ್ಪ್ಯಾನರ್

ನಾನು ಕಟ್ಟಡ ನಿರ್ವಹಣೆಯವನು. ನೀವೆಲ್ಲ ಕಟ್ಟುವವರ ಕಥೆ ಹೇಳಿದಿರಿ, ನಾನು ಏಣಿ ಹತ್ತುವವರ ಕಥೆ ಹೇಳುತ್ತೇನೆ.

ಪ್ಯಾರಿಸ್‌ನಲ್ಲೇ ಇನ್ನೊಂದು ಕಟ್ಟಡ ಇದೆ. ಅರಬ್ ಜಗತ್ತಿನ ಸಂಸ್ಥೆ, ಜಾನ್ ನೂವೆಲ್ ಮತ್ತು ಜೊತೆಗಾರರು ಮಾಡಿದ್ದು, 1987. ದಕ್ಷಿಣದ ಗೋಡೆಗೆ 240 ಚೌಕ. ಪ್ರತಿ ಚೌಕದಲ್ಲಿ ಕ್ಯಾಮೆರಾದ ಕಣ್ಣಿನ ಹಾಗೆ ತೆರೆದು ಮುಚ್ಚುವ ಲೋಹದ ರಂಧ್ರಗಳು. ಬೆಳಕು ಜಾಸ್ತಿಯಾದರೆ ತಾನೇ ಚಿಕ್ಕದಾಗಬೇಕು. ಅರಬ್ ನಾಡಿನ ಮಶ್ರಬಿಯಾ ಅನ್ನುವ ಮರದ ಜಾಲರಿ ಕಿಟಕಿಯ ಯಂತ್ರ ರೂಪ. ನೋಡಲು ಅದ್ಭುತ. ನಾನೂ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ, ವಿಡಿಯೊದಲ್ಲಿ. ಆದರೆ ತಿರುಗುವ ಭಾಗಗಳು ಕೆಡುತ್ತಾ ಹೋದವು, ಎಷ್ಟೋ ವರ್ಷ ಅಲುಗಾಡದೆ ನಿಂತವು. 2017ರ ಹೊತ್ತಿಗೆ ದುರಸ್ತಿ ಮಾಡಿ ಮತ್ತೆ ಓಡಿಸಿದರು.

ಮೂಲ ಮಶ್ರಬಿಯಾದಲ್ಲಿ ಮೋಟಾರ್ ಇಲ್ಲ. ಕಡೆದ ಮರದ ಗುಂಡುಗಳ ಜಾಲರಿ, ಅಷ್ಟೆ. ಬಿಸಿಲು ಒಡೆದು ಬರುತ್ತದೆ, ಗಾಳಿ ನುಗ್ಗುತ್ತದೆ, ಒಳಗಿನವರು ಹೊರಗಿನವರಿಗೆ ಕಾಣುವುದಿಲ್ಲ. ಆ ಹೆಸರಿನ ಬೇರು ‘ಕುಡಿಯುವುದು’ ಅನ್ನುವ ಅರಬ್ಬಿ ಮಾತಿನಲ್ಲಿದೆ ಅನ್ನುತ್ತಾರೆ. ನೀರಿನ ಮಣ್ಣಿನ ಹೂಜಿಯನ್ನು ಅಲ್ಲಿ ಗಾಳಿಗೆ ಇಡುತ್ತಿದ್ದರು. ಹೂಜಿ ಬೆವರಿ ನೀರು ತಣ್ಣಗಾಗುತ್ತದೆ, ಅದನ್ನು ದಾಟಿ ಬರುವ ಗಾಳಿಯೂ ತಣ್ಣಗಾಗುತ್ತದೆ. ಕೆಟ್ಟರೆ ಒಬ್ಬ ಬಡಗಿ ಸಾಕು.

ನನ್ನ ಲೆಕ್ಕ ಇದು. ಯಾವ ಭಾಗ ಕೆಟ್ಟರೆ ಅದೇ ಊರಿನಲ್ಲಿ ರಿಪೇರಿ ಆಗುತ್ತದೋ ಆ ಭಾಗ ಮಾತ್ರ ಆ ಊರಿನದು. ಉಳಿದದ್ದು ಬಾಡಿಗೆಗೆ ಬಂದದ್ದು.

ಸುಮ್ನೆಬಂದವ

ಕೊನೆಯ ಎರಡು ಸಾಲು ಬರೆದಿಟ್ಟುಕೊಂಡೆ.

ನನಗೂ ಒಂದು ಗೊತ್ತು. ಸಿಂಗಾಪುರದ ಎಸ್ಪ್ಲನೇಡ್ ರಂಗಮಂದಿರ, 2002ರಲ್ಲಿ ತೆರೆದಿದ್ದು. ಮೊದಲ ವಿನ್ಯಾಸ ಬಂದಾಗ ಬರೀ ಗಾಜಿನ ಗುಮ್ಮಟಗಳಿದ್ದವು. ಸುಡುವ ಬಿಸಿಲಿನ ಊರಲ್ಲಿ ಗಾಜಿನ ಗುಮ್ಮಟವಾ ಅಂತ ಜನ ಉಗಿದರು. ಆಮೇಲೆ ಮೇಲೆಲ್ಲ ಅಲ್ಯುಮಿನಿಯಂನ ತ್ರಿಕೋನ ನೆರಳುಗಳನ್ನು ಹೊದಿಸಿದರು, 7 ಸಾವಿರಕ್ಕೂ ಹೆಚ್ಚು. ಪರಿಣಾಮ? ಕಟ್ಟಡ ಮುಳ್ಳುಮುಳ್ಳಾಗಿ ಡುರಿಯನ್ ಹಣ್ಣಿನ ಹಾಗೆ ಕಾಣತೊಡಗಿತು. ಈಗ ಅಲ್ಲಿ ಎಲ್ಲರೂ ಕರೆಯುವುದೇ ಡುರಿಯನ್ ಅಂತ. ಯಾರೂ ‘ಹಣ್ಣಿನಿಂದ ಸ್ಫೂರ್ತಿ’ ಪಡೆದಿರಲಿಲ್ಲ. ಬಿಸಿಲು ತಡೆಯಲು ಹೋದರು, ಊರಿನ ಹೆಸರು ತಾನಾಗಿ ಬಂತು.

ಗೆರೆಎಳೆಯುವವಳು

ಇದಂತೂ ಪಾಡಾಂಗ್‌ನ ಟೋಪಿಗೆ ಪಕ್ಕಾ ಉಲ್ಟಾ.

ಮೂರುಗಂಟೆಬಿಸಿಲು

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ಪೆದ್ದು ಪ್ರಶ್ನೆ. ನಮ್ಮ ಗಾಜಿಗೆ ಒಳಗಡೆ ಪರದೆ ಹಾಕುತ್ತೇವೆ ಅಂತ ಮೇಲಿನವರು ಹೇಳುತ್ತಿದ್ದಾರೆ. ರಿಮೋಟ್ ಇರುವ ಪರದೆಯಂತೆ. ಸಾಕಾಗುತ್ತಾ?

ಸಿಮೆಂಟುಮರಳು

ಕಣ್ಣಿಗೆ ಸಾಕು, ಮೈಗೆ ಸಾಲದು. ಬಿಸಿಲು ಗಾಜನ್ನು ದಾಟಿ ಒಳಗೆ ಬಂತು ಅಂದರೆ ಶಾಖ ಮನೆ ಸೇರಿತು ಅಂತಲೇ ಲೆಕ್ಕ. ಪರದೆ ಅದನ್ನು ಹೀರಿಕೊಂಡು ತಾನು ಬಿಸಿಯಾಗಿ ಕೋಣೆಗೆ ಬಿಡುತ್ತದೆ. ಆ ಕಾವು ಬಂದ ದಾರಿಯಲ್ಲಿ ವಾಪಸ್ ಹೋಗಲು ಗಾಜು ಬಿಡುವುದಿಲ್ಲ. ನೆರಳು ಗಾಜಿನ ಹೊರಗೇ ಇರಬೇಕು. ಕೊಡೆಯನ್ನು ಶರ್ಟಿನ ಒಳಗೆ ಹಿಡಿಯುತ್ತೀರಾ?

ಇನ್ನೊಂದು, ನಿಮ್ಮದು ಪಶ್ಚಿಮ. ಸೂರ್ಯ ತಗ್ಗಿನಲ್ಲಿ ಇರುತ್ತಾನೆ, ನೇರ ಮುಖಕ್ಕೆ ಹೊಡೆಯುತ್ತಾನೆ. ರಿಯೋದಲ್ಲಿ ಇರುವಂಥ ಅಡ್ಡ ಹಲಗೆ, ಸಜ್ಜಾ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಉದ್ದುದ್ದ ಪಟ್ಟಿ ಬೇಕು, ಇಲ್ಲಾ ಇಡೀ ಮುಖಕ್ಕೆ ತಟ್ಟಿ ಬೇಕು. ಮೆಲ್ಬರ್ನ್ ನಗರಸಭೆಯ ಎರಡನೇ ಕಟ್ಟಡದಲ್ಲಿ, 2006ರದ್ದು, ಪಶ್ಚಿಮಕ್ಕೆ ಹಳೆಯ ಮರದಿಂದ ಮಾಡಿದ ಕದಗಳಿವೆ. ಮಧ್ಯಾಹ್ನದ ಬಿಸಿಲಿಗೆ ಮುಚ್ಚಿಕೊಂಡು ಉಳಿದ ಹೊತ್ತು ತೆರೆದಿರುತ್ತವೆ. ಸ್ಪ್ಯಾನರ್ ಅವರು ‘ತಿರುಗುವ ಭಾಗ!’ ಅಂತ ಈಗ ಬರುತ್ತಾರೆ, ಗೊತ್ತು.

ಸ್ಪ್ಯಾನರ್

ತಿರುಗುವ ಭಾಗ!

ಅಲೆಮಾರಿ

ಆ ಮೆಲ್ಬರ್ನ್ ಕಟ್ಟಡದಲ್ಲಿ ಕೈಜೋಡಿಸಿದ ಮಿಕ್ ಪಿಯರ್ಸ್ ಅವರದೇ ಜಿಂಬಾಬ್ವೆಯ ಹರಾರೆಯಲ್ಲಿರುವ ಈಸ್ಟ್‌ಗೇಟ್ ಅನ್ನುವ ಕಚೇರಿ, ಅಂಗಡಿಗಳ ಕಟ್ಟಡ, ಅಲ್ವಾ? 1996. ಗೆದ್ದಲ ಹುತ್ತ ಗಾಳಿ ಓಡಿಸಿ ತಂಪಾಗಿರುತ್ತದೆ, ಅದರಿಂದ ಕಲಿತ ಕಟ್ಟಡ ಅಂತ ಎಲ್ಲ ಕಡೆ ಹಾಕುತ್ತಾರೆ.

ಸಿಮೆಂಟುಮರಳು

ಹೌದು. ಕಥೆ ಚೆಂದ, ಆದರೆ ಹುತ್ತ ಹಾಗೆ ಕೆಲಸ ಮಾಡುವುದಿಲ್ಲ ಅಂತ ಆಮೇಲೆ ಹುತ್ತ ಕೊರೆದು ನೋಡಿದವರು ಹೇಳಿದರು. ಗೆದ್ದಲಿನ ಗೂಡನ್ನು ಒಂದೇ ಹದದಲ್ಲಿ ಇಡುವುದು ಹೆಚ್ಚಾಗಿ ಸುತ್ತಲಿನ ನೆಲ. ಹುತ್ತದ ಕೆಲಸ ಉಸಿರಾಟ. ವಿಚಿತ್ರ ಅಂದರೆ ಊಹೆ ತಪ್ಪಾದರೂ ಕಟ್ಟಡ ಸರಿಯಾಗಿದೆ. ಹರಾರೆ ಎತ್ತರದ ಊರು. ಹಗಲು ಬಿಸಿ, ರಾತ್ರಿ ಚೆನ್ನಾಗಿ ತಣ್ಣಗಾಗುತ್ತದೆ. ರಾತ್ರಿ ಫ್ಯಾನ್ ಹಾಕಿ ತಂಪು ಗಾಳಿಯನ್ನು ಮಹಡಿಗಳ ಕೆಳಗಿನ ಟೊಳ್ಳಿನಲ್ಲಿ ಓಡಿಸುತ್ತಾರೆ. ದಪ್ಪ ಕಾಂಕ್ರೀಟ್ ಆ ತಂಪನ್ನು ಹಿಡಿದಿಟ್ಟುಕೊಂಡು ಹಗಲು ಬಿಡುತ್ತದೆ. ಚಂಡೀಗಢದಲ್ಲಿ ಒಲೆಯಾದ ಅದೇ ಕಾಂಕ್ರೀಟ್ ಇಲ್ಲಿ ಹೂಜಿಯಾಯಿತು. ರಾತ್ರಿಯೂ ಬೆವರುವ ಕಡಲೂರಿನಲ್ಲಿ ಈ ಉಪಾಯ ನಡೆಯುವುದಿಲ್ಲ.

ಪುಸ್ತಕದಹುಳು

ಕಡಲಿನ ಮಾತು ಬಂತಲ್ಲ, ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಜಾನ್-ಮಾರಿ ಜಿಬಾವು ಸಾಂಸ್ಕೃತಿಕ ಕೇಂದ್ರ ಬಿಟ್ಟರೆ ತಪ್ಪಾಗುತ್ತದೆ. ವಿನ್ಯಾಸ ರೆಂಜೊ ಪಿಯಾನೊ, 1998. ಅಲ್ಲಿನ ಮೂಲನಿವಾಸಿ ಕನಕ್ ಜನರ ಗುಡಿಸಲಿನ ನೆನಪು ತರುವ ಹತ್ತು ಮರದ ಚಿಪ್ಪುಗಳು ಸಾಲಾಗಿ ನಿಂತಿವೆ, ಎಲ್ಲಕ್ಕಿಂತ ಎತ್ತರದ್ದು 28 ಮೀಟರ್. ಹೊರಗೊಂದು ಒಳಗೊಂದು ಎರಡು ಪದರ. ಕಡಲಿನಿಂದ ಬೀಸುವ ಗಾಳಿ ಮೆಲ್ಲಗಿದ್ದರೆ ಪಟ್ಟಿಗಳು ತೆರೆದು ಗಾಳಿಯನ್ನು ಒಳಗೆ ಬಿಡುತ್ತವೆ, ಬಿರುಸಾದರೆ ಮುಚ್ಚಿಕೊಳ್ಳುತ್ತವೆ. ಗುಡಿಸಲಿನ ಆಕಾರವನ್ನು ಪೂರ್ತಿ ನಕಲು ಮಾಡಿಲ್ಲ. ಮೇಲ್ತುದಿ ಕಟ್ಟಿ ಮುಗಿಸದ ಹಾಗೆ ಬಿಟ್ಟಿದ್ದಾರೆ. ಟೋಪಿ ಅನ್ನಲು ನನಗೆ ಮನಸ್ಸಿಲ್ಲ.

ಮತ್ತೆ ಢಾಕಾದ ಸಂಸತ್ ಭವನ. ಲೂಯಿ ಕಾನ್ ವಿನ್ಯಾಸ. ಕೆಲಸ ಶುರುವಾಗಿದ್ದು 1960ರ ದಶಕದಲ್ಲಿ, ಮುಗಿದಿದ್ದು 1982ರಲ್ಲಿ. ಅಷ್ಟರಲ್ಲಿ ಕಾನ್ ತೀರಿಕೊಂಡು ಎಂಟು ವರ್ಷ. ಸುತ್ತ ನೀರು, ನೆರೆ ಬರುವ ನಾಡಿಗೆ ತಕ್ಕ ಹಾಗೆ. ಹೊರಗೋಡೆಯಲ್ಲಿ ದೊಡ್ಡ ವೃತ್ತ, ತ್ರಿಕೋನದ ತೆರವುಗಳು. ಬಿಸಿಲು ಮಳೆ ಎರಡೂ ಆ ಗೋಡೆಗೆ ಬಡಿದು ನಿಲ್ಲುತ್ತವೆ, ಕೋಣೆಗಳು ಇರುವುದು ಅದರ ಹಿಂದೆ. ನನಗೆ ಹಿಡಿಸಿದ್ದು ಮಾತ್ರ ಬೇರೆ. ಕಾಂಕ್ರೀಟ್ ಗೋಡೆಯಲ್ಲಿ ಪ್ರತಿ ಐದು ಅಡಿಗೆ ಒಂದು ಬಿಳಿ ಅಮೃತಶಿಲೆಯ ಪಟ್ಟಿ ಇದೆ. ಕೈಯಲ್ಲಿ ಹೊತ್ತು ಸುರಿಯುವ ಕಾಂಕ್ರೀಟ್ ಒಂದು ಸಲಕ್ಕೆ ಅಷ್ಟೇ ಎತ್ತರ ಏರುತ್ತಿತ್ತು. ಕೀಲು ಒರಟಾಗಿ ಕಾಣುವ ಜಾಗದಲ್ಲಿ ಈ ಪಟ್ಟಿ ಕೂರಿಸಿದರು. ಅಂದರೆ ಕೂಲಿಯವರ ದುಡಿಮೆಯ ಅಳತೆಯೇ ಕಟ್ಟಡದ ಗೆರೆಯಾಗಿ ನಿಂತಿದೆ.

ಅಲೆಮಾರಿ

ನನಗೆ ಇನ್ನೊಂದು ಪರೀಕ್ಷೆ ಇದೆ. ಟಿಕೆಟ್ ಇಲ್ಲದೆ, ಯಾರನ್ನೂ ಕೇಳದೆ, ಅಲ್ಲಿ ಎಲ್ಲಿ ಕೂರಬಹುದು?

ನಾರ್ವೆಯ ಓಸ್ಲೊ ಒಪೆರಾ ಮಂದಿರದ ಚಾವಣಿ ನೆಲದವರೆಗೆ ಇಳಿದು ಬರುತ್ತದೆ, 2008ರದ್ದು. ನಡೆದುಕೊಂಡೇ ಮೇಲೆ ಹೋಗಬಹುದು. ಬಯಲು ಎಲ್ಲರದ್ದು ಅನ್ನುವುದು ಅಲ್ಲಿನ ಹಳೆಯ ಹಕ್ಕು, ಅದನ್ನೇ ಚಾವಣಿಗೂ ಏರಿಸಿದರು. ಬರ್ಲಿನ್ ಸಂಸತ್ತಿನ ಗಾಜಿನ ಗುಮ್ಮಟದಲ್ಲಿ, 1999, ಜನ ತಮ್ಮ ಪ್ರತಿನಿಧಿಗಳ ನೆತ್ತಿಯ ಮೇಲೆ ಸುತ್ತುತ್ತಾರೆ, ಮೊದಲೇ ಹೆಸರು ನೋಂದಾಯಿಸಬೇಕು ಅಷ್ಟೆ. ನಡುವಿನ ಶಂಕುವಿನ 360 ಕನ್ನಡಿಗಳು ಬೆಳಕನ್ನು ಸಭಾಂಗಣಕ್ಕೆ ಇಳಿಸುತ್ತವೆ. ನೇರ ಬಿಸಿಲು ಬೀಳದ ಹಾಗೆ ಒಂದು ಮರೆ ಸೂರ್ಯನ ಜೊತೆ ಸರಿಯುತ್ತದೆ.

ಆದರೆ ಎಲ್ಲಕ್ಕಿಂತ ನನಗೆ ಪ್ರೀತಿ ಇಟಲಿಯ ಬೊಲೋನ್ಯಾದ ಕಂಬಸಾಲಿನ ಜಗಲಿಗಳು. ಒಟ್ಟು 62 ಕಿಲೋಮೀಟರ್. ಮಳೆ ಬರಲಿ, ಬಿಸಿಲು ಇರಲಿ, ಊರ ತುಂಬ ನಡೆದಾಡಬಹುದು. ತಮಾಷೆ ಏನು ಗೊತ್ತಾ? ಅದು ಹವಾಮಾನಕ್ಕೆ ಅಂತ ಹುಟ್ಟಿದ್ದಲ್ಲ. ವಿಶ್ವವಿದ್ಯಾಲಯಕ್ಕೆ ಜನ ಬಂದು ಜಾಗ ಸಾಲದಾಯಿತು. ಮಹಡಿಗಳನ್ನು ಬೀದಿಯ ಕಡೆ ಚಾಚಿದರು. ಚಾಚಿದ್ದು ಬೀಳದಿರಲಿ ಅಂತ ಕಂಬ ಕೊಟ್ಟರು. 1288ರಲ್ಲಿ ನಗರವೇ ಕಾನೂನು ಮಾಡಿತು. ಹೊಸ ಮನೆಗೆ ಜಗಲಿ ಬೇಕೇ ಬೇಕು, ಕುದುರೆ ಮೇಲೆ ಕೂತವನು ದಾಟುವಷ್ಟು ಎತ್ತರ ಇರಬೇಕು. ಜಗಲಿಯ ಒಡೆತನ ಮನೆಯವರದು, ನಡೆಯುವ ಹಕ್ಕು ಎಲ್ಲರದು.

ಮೂರುಗಂಟೆಬಿಸಿಲು

ಅಲೆಮಾರಿ ಅವರ ಮಾತು ಓದಿದ ಮೇಲೆ ನಿನ್ನೆ ನಮ್ಮ ಕಟ್ಟಡದ ಸುತ್ತ ಒಂದು ಸುತ್ತು ಹಾಕಿದೆ, ಜನ ಎಲ್ಲಿ ಕೂರುತ್ತಾರೆ ನೋಡೋಣ ಅಂತ.

ಮುಂದಿನ ದೊಡ್ಡ ಅಂಗಳದಲ್ಲಿ ಕಲ್ಲಿನ ಬೆಂಚುಗಳಿವೆ. ಒಬ್ಬರೂ ಇಲ್ಲ. ಮುಟ್ಟಿದರೆ ಕೈ ಸುಡುತ್ತದೆ. ಕೆಲಸಕ್ಕೆ ಬಂದು ಕಾಯುವ ಜನವೆಲ್ಲ ಹಿಂಬದಿಯಲ್ಲಿ, ಜನರೇಟರ್ ಕೋಣೆಯ ಪಕ್ಕದ ಮೆಟ್ಟಿಲ ಕೆಳಗೆ ಕೂತಿದ್ದಾರೆ. ಪುಸ್ತಿಕೆಯಲ್ಲಿ ಆ ಜಾಗದ ಫೋಟೋ ಇಲ್ಲ.

ಅಲ್ಲಿ ಕಾವಲುಗಾರರ ಪ್ಲಾಸ್ಟಿಕ್ ಕುರ್ಚಿ ಇತ್ತು. ನೆಲದ ಮೇಲೆ ಸುಣ್ಣದಲ್ಲಿ ಮೂರು ಗುರುತು ಹಾಕಿಕೊಂಡಿದ್ದಾರೆ. ಏನು ಅಂತ ಕೇಳಿದೆ. ಹತ್ತು ಗಂಟೆಗೆ ಇಲ್ಲಿ, ಒಂದಕ್ಕೆ ಅಲ್ಲಿ, ನಾಲ್ಕಕ್ಕೆ ಆ ಮೂಲೆ ಅಂದರು. ಚಳಿಗಾಲಕ್ಕೆ ಬೇರೆ ಗುರುತು ಇದೆಯಂತೆ, ಗೋಡೆಯ ಹತ್ತಿರ.

ಮೇಲಿನವರ ಹತ್ತಿರವೂ ಮಾತಾಡಿದೆ. ಶರ್ಟಿನೊಳಗಿನ ಕೊಡೆಯ ಮಾತನ್ನು ಹಾಗೇ ಹೇಳಿದೆ, ನಕ್ಕರು. ರಿಮೋಟ್ ಪರದೆ ಸದ್ಯಕ್ಕೆ ನಿಂತಿದೆ. ನಮ್ಮ ಮಹಡಿಯ ಪಶ್ಚಿಮದ ಗಾಜಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿ ಒಂದು ತಿಂಗಳು ನೋಡಬಹುದಂತೆ. ಆದರೆ ಅರ್ಜಿಯಲ್ಲಿ ‘ತಾತ್ಕಾಲಿಕ’ ಅಂತ ಬರೆಯಬೇಕು, ಕಟ್ಟಡದ ಮೂಲ ಸೌಂದರ್ಯಕ್ಕೆ ಧಕ್ಕೆ ಆಗುವುದಿಲ್ಲ ಅಂತ ಸಹಿ ಹಾಕಬೇಕು.

ಸಹಿ ಹಾಕಿದ್ದೇನೆ.

ಸ್ಪ್ಯಾನರ್

ತಟ್ಟಿಯನ್ನು ಗಾಜಿಗೆ ಒತ್ತಿ ಕಟ್ಟಬೇಡಿ. ಒಂದು ಗೇಣು ಜಾಗ ಬಿಡಿ, ನಡುವೆ ಗಾಳಿ ಆಡಬೇಕು. ಹಗ್ಗದಲ್ಲೇ ಕಟ್ಟಿ, ಮೊಳೆ ಬೇಡ.